ಎರಡನೇ ಸಲ ಕೇಳಬೇಡ

ಅಮ್ಮನಿಗೆ ನಮಸ್ಕಾರ.

ಆರೋಗ್ಯವಾಗಿದ್ದೇನೆ, ಸ್ವಲ್ಪ ಇಳಿದಿದ್ದೇನೆ ಅಷ್ಟೇ. ಈ ದೇಶದ ಊಟವೇ ಹಾಗೆ: ಬೇಯಿಸಿದ ತರಕಾರಿ, ಚಿಟಿಕೆ ಉಪ್ಪು, ಎಣ್ಣೆ ಹೆಸರಿಗೆ ಮಾತ್ರ. ನಾನು ಅಡುಗೆ ಮಾಡುವ ಮನೆಯಲ್ಲಿ ಯಾರಿಗೂ ಸಕ್ಕರೆ ಕಾಯಿಲೆಯಿಲ್ಲ, ಬಿ.ಪಿ. ಇಲ್ಲ. ಬಡಿಸುವಾಗ ಒಂದೇ ಸಲ ಕೇಳುತ್ತಾರೆ, ಬೇಡವೆಂದರೆ ಮುಗಿಯಿತು. ನಮ್ಮಲ್ಲಿ ಬೇಡ ಅಂದಮೇಲೆಯೇ ಬಡಿಸಲು ಶುರು ಮಾಡುವುದು. ನಿನ್ನ ಕೈಗೆ ಸೌಟು ಸಿಕ್ಕರಂತೂ ಮುಗಿದೇ ಹೋಯಿತು.

ಈ ಮನೆಯವರು ತೀರಿಹೋದ ದೊಡ್ಡ ಯಜಮಾನರ ಕುರ್ಚಿಯ ಮುಂದೆಯೂ ದಿನಾ ತಟ್ಟೆಯಿಟ್ಟು, ಬಡಿಸಿ, ಒಮ್ಮೆ ಕೇಳುತ್ತಾರೆ. ಆಮೇಲೆ ಹಾಗೆಯೇ ಎತ್ತಿಬಿಡುತ್ತಾರೆ. ಮೊನ್ನೆ ಬಡಿಸುತ್ತಿದ್ದವಳು ನಾನು. ಬಾಯಿ ಸುಮ್ಮನಿರಬೇಕಲ್ಲ, "ಸಂಕೋಚ ಮಾಡ್ಕೋಬೇಡಿ, ಇನ್ನೊಂಚೂರು ತಗೊಳ್ಳಿ" ಎಂದುಬಿಟ್ಟೆ.

ಎಲ್ಲರ ಕೈ ನಿಂತಿತು. ಯಜಮಾನಿ ಮೆಲ್ಲಗೆ ಹೇಳಿದರು: "ಒಂದು ಸಲ ಕೇಳೋದು ಮರ್ಯಾದೆಗೆ. ಎರಡನೇ ಸಲ ಕೇಳಿದ್ರೆ ಅದು ಕರೆದ ಹಾಗೆ."

ನೋಡಿದರೆ ತಟ್ಟೆ ಖಾಲಿಯಾಗಿತ್ತು.

ಈಗ ನನ್ನ ಕೋಣೆಯಲ್ಲಿ ಮುಚ್ಚಿಟ್ಟ ಊಟವೂ ಉಳಿಯುತ್ತಿಲ್ಲ. ಅವರೇ ಟಿಕೆಟ್ ತೆಗೆಸಿ ನನ್ನನ್ನು ಊರಿಗೆ ಕಳಿಸುತ್ತಿದ್ದಾರೆ. ಕೋಪವೇನಿಲ್ಲ, ಬಂದವರು ಕರೆದವಳ ಜೊತೆಯೇ ಹೋಗಲಿ ಎಂದಿರಬೇಕು. ಆ ಕುರ್ಚಿಯನ್ನು ಆಗಲೇ ಅಟ್ಟಕ್ಕೆ ಹಾಕಿದ್ದಾರೆ.

ಮುಂದಿನ ವಾರ ಬರುತ್ತೇನೆ. ಅಡುಗೆ ಜಾಸ್ತಿ ಮಾಡಬೇಡ. ನನ್ನ ಪಕ್ಕದ ಜಾಗ ಖಾಲಿ ಕಂಡರೂ ಅಲ್ಲಿ ತಟ್ಟೆ ಇಡಬೇಡ. ನನ್ನನ್ನೂ ಒಂದೇ ಸಲ ಕೇಳು, ಅಮ್ಮ. ಎರಡನೇ ಸಲಕ್ಕೆ "ಹಾಕು" ಅನ್ನುವುದು ನಾನಾಗಿರುವುದಿಲ್ಲ.

ನಿನ್ನ ಕಿರಿಮಗಳು