ಬರೀ ನೀರು ಸಾಕಿದವನಿಗೆ

ಪ್ರಿಯ ಇನ್ನಾಸಪ್ಪ,

ನಿಮ್ಮವರು ಪಾಪನಿವೇದನೆಗೆ ಪಾದ್ರಿಗಳ ಬಳಿ ಹೋಗುತ್ತಾರೆ. ನನಗೆ ನೀನಿದ್ದೀಯ; ತೀರಿಕೊಂಡವರು ಚಾಡಿ ಹೇಳುವುದಿಲ್ಲ. ಕಳೆದ ಜೂನ್ ತಿಂಗಳ ಎರಡನೆಯ ಭಾನುವಾರ, ನೀನೂ ನಿನ್ನ ಹೆಂಡತಿ ಕ್ರಿಸ್ತಿನಾ ಅವರೂ ಪೂಜೆಯಲ್ಲಿದ್ದಾಗ, ಮಾತೆಯ ಗವಿಯ ದುರಸ್ತಿಗೆಂದು ಚರ್ಚಿನ ಆವರಣದಲ್ಲಿ ರಾಶಿ ಹಾಕಿದ್ದ ಕಲ್ಲುಗಳಲ್ಲಿ ಒಂಬತ್ತನ್ನು, ನಿವೃತ್ತ ಕನ್ನಡ ಅಧ್ಯಾಪಕನೂ ಮಡಿವಂತರ ಮನೆತನದವನೂ ಆದ ನಾನು, ಸ್ಕೂಟರಿನ ಡಿಕ್ಕಿಗೆ ಸೇರಿಸಿದೆ. ಕಡಕೊಳದಿಂದ ತಂದೆ ಎಂದು ನಿನಗೆ ಹೇಳಿದ್ದು ಸುಳ್ಳು. ಒಂದು ಗವಿಯ ಕಲ್ಲು ಇನ್ನೊಂದು ಗವಿಗೆ ಹೋದರೆ ಅದು ಕಳವಲ್ಲ, ವರ್ಗಾವಣೆ ಎಂಬುದು ನನ್ನ ವಾದ.

ಮೂವತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ನೀನು ಪ್ರಾಣಿಶಾಸ್ತ್ರ, ನಾನು ಕನ್ನಡ. ನಿವೃತ್ತಿಯಾದ ಮೇಲೆ ಗ್ಲಾಕೋಮಾ ನಿನ್ನ ಎರಡೂ ಕಣ್ಣನ್ನು ತೆಗೆದುಕೊಂಡಿತು. ಕೆಸರೆಯ ಮನೆಯಲ್ಲಿ ಆರು ತಿಂಗಳು ಯಾರ ಜೊತೆಗೂ ಮಾತಿಲ್ಲದೆ ಕೂತಿದ್ದವನು ಒಂದು ದಿನ ಇದ್ದಕ್ಕಿದ್ದಂತೆ ಬಾಯಿ ಬಿಟ್ಟೆ. “ಮೀನು ಸಾಕ್ಬೇಕು ಕಣೋ ಪದ್ದು. ಗವಿಯೊಳಗೆ ಇರ್ತವಲ್ಲ, ಕುರುಡು ಮೀನು, ಅವು. ನಾನು ನೋಡಕ್ಕಾಗ್ದೆ ಅದು ಮಾತ್ರ ನನ್ನ ನೋಡ್ತಾ ಇದ್ರೆ ನ್ಯಾಯ ಅಲ್ಲ. ಸಮಸಮ ಇರ್ಲಿ.” ಮೀನಿಗೇ ಕಣ್ಣಿಲ್ಲ ಅಂದಮೇಲೆ ಊರಿನ ಮೀನಾಕ್ಷಿಯರ ಗತಿಯೇನಯ್ಯಾ ಎಂದೆ. ನೀನು ನಕ್ಕೆ. ಅಡುಗೆಮನೆಯಲ್ಲಿ ಕ್ರಿಸ್ತಿನಾ ಅವರು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನಿನ್ನ ನಗು ಕೇಳಿಸಿಕೊಂಡರು.

ನೀನು ನೆಲದ ಮೇಲೆ ಕಾಲು ಚಾಚಿ ಕೂತು, ಕಳವಿನ ಮಾಲನ್ನು ಒಂದೊಂದಾಗಿ ಸವರಿದೆ. “ಇದು ಚೂಪು, ಬೇಡ. ಅವು ಗೋಡೆ ಸವರ್ಕೊಂಡೇ ದಾರಿ ಹುಡುಕೋದು. ನನ್ನ ಮೊಣಕಾಲು ನೋಡು, ಎಷ್ಟು ಗಾಯ! ಅವಕ್ಕೂ ಹಂಗಾಗ್ಬಾರ್ದು.” ಒಂಬತ್ತು ಕಲ್ಲು ಆರಾಯಿತು. ಗಾಜಿನ ತೊಟ್ಟಿಯ ತಳದಲ್ಲಿ ಮೊದಲು ಕಲ್ಲು, ಆಮೇಲೆ ಕರಿ ಮರಳು. ದೀಪ ಬೇಡವೇ ಬೇಡ. ಕಲ್ಲು ಜೋಡಿಸಿ ಮಾಡಿದ ಸುರಂಗದೊಳಗೆ ನೀನೇ ಮೊಣಕೈವರೆಗೂ ಕೈ ತೂರಿಸಿ, ಆ ಕಡೆಯಿಂದ ಬೆರಳು ಆಡಿಸಿ, “ಹಲೋ” ಅಂದೆ.

ಆ ದಿನಗಳಲ್ಲೇ ನನಗೊಂದು ಮೇಷ್ಟರ ರೋಗ ಅಂಟಿತು. ‘ಕಣೋ’ ಎನ್ನುವುದರೊಳಗೆ ‘ಕಾಣ್’ ಇದೆ, ನೋಡು ಎಂಬ ಅರ್ಥವಿದೆ ಎಂದು ಹೊಳೆದು, ನಿನ್ನೆದುರು ಆ ಮಾತನ್ನೇ ಬಿಟ್ಟೆ. ‘ಕುಡಿದು ನೋಡು’, ‘ಕೇಳಿ ನೋಡು’ ಎಲ್ಲವನ್ನೂ ನುಂಗಿಕೊಂಡೆ. ಕನ್ನಡದಲ್ಲಿ ನೋಡದೆ ಒಂದು ತುತ್ತು ತಿನ್ನುವುದಕ್ಕೂ ಆಗುವುದಿಲ್ಲ ಎಂದು ಆಗ ತಿಳಿಯಿತು. ನನ್ನ ಮಾತು ಸರ್ಕಾರಿ ಸುತ್ತೋಲೆಯಂತಾಯಿತು. ಒಂದು ವಾರ ಸಹಿಸಿದೆ ನೀನು. ಆಮೇಲೆ ಮೆಲ್ಲಗೆ ಕೇಳಿದೆ: “ಏನೋ ಪದ್ದು, ನನ್ನ ಕಣ್ಣಿನ ಜೊತೆ ನಿನ್ನ ‘ಕಣೋ’ನೂ ಹೋಗ್ಬುಡ್ತಾ? ಬೇರೆಯವರ ಥರ ಮಾತಾಡ್ಬೇಡ ಕಣೋ.” ನಿನ್ನ ಕಣ್ಣು ಹೋದದ್ದಕ್ಕೆ ಅಳದ ನಾನು, ಆವತ್ತು ಆಟೋದಲ್ಲಿ ಮನೆ ಸೇರುವವರೆಗೂ ಅತ್ತೆ.

ತೊಟ್ಟಿ ತುಂಬಿದ ಮೇಲೆ ನೀನು ಮೀನು ತರಲು ಬಿಡಲಿಲ್ಲ. “ಒಂದು ತಿಂಗಳು ಬರೀ ನೀರು ಸಾಕು” ಎಂದೆ. ಸಾಕು ಅಂದರೆ ಬೇಡವೆಂದೋ, ಪೋಷಿಸೆಂದೋ ಎಂದು ನಾನು ಕೀಟಲೆ ಮಾಡಿದೆ. ನೀರನ್ನು ಹದಕ್ಕೆ ತರುವ ಕಣ್ಣಿಗೆ ಕಾಣದ ಜೀವಗಳು ಫಿಲ್ಟರಿನ ಸ್ಪಂಜಿನಲ್ಲಿ ಮೊದಲು ಮನೆ ಮಾಡಬೇಕು, ಆಮೇಲೆ ಮೀನು ಎಂದು ಪಾಠ ಹೇಳಿದೆ. ನಾನು ಹಿಂದಿನ ಬೆಂಚಿನ ಹುಡುಗನಂತೆ ತಲೆಯಾಡಿಸಿದೆ, ಕೇಳಿಸಿಕೊಳ್ಳಲಿಲ್ಲ. ಇಪ್ಪತ್ತಾರನೆಯ ದಿನ ಸ್ಪಂಜು ಮುಟ್ಟಿದರೆ ಲೋಳೆಲೋಳೆ, ವಾಸನೆ. ನಮ್ಮಜ್ಜಿಯ ಮಡಿ ನನ್ನ ಮೈಮೇಲೆ ಬಂತು. ನೀನು ಮಲಗಿದ್ದೆ. ಸ್ಪಂಜನ್ನು ಪಾತ್ರೆ ಸೋಪಿನಲ್ಲಿ ಮಲ್ಲಿಗೆಯಂತಾಗುವವರೆಗೆ ತೊಳೆದೆ, ನೀರನ್ನೆಲ್ಲ ಚೆಲ್ಲಿ ಹೊಸದು ತುಂಬಿದೆ, ನಿನ್ನನ್ನು ಎಬ್ಬಿಸಿ ಹೆಮ್ಮೆಯಿಂದ ಹೇಳಿದೆ.

ನೀನು ಬಯ್ಯಲಿಲ್ಲ. ನೀರಿಗೆ ಬೆರಳಿಟ್ಟು, ತೆಗೆದು ಮೂಸಿದೆ. “ನಿನ್ನ ಮಡಿ ನನ್ನ ಮೀನನ್ನ ಒಂದು ತಿಂಗಳು ಹಿಂದಕ್ಕೆ ಹಾಕ್ತಲ್ಲೋ” ಅಂದೆ. “ಹೋಗ್ಲಿ ಬುಡು. ನಾನೆಲ್ಲಿಗೆ ಹೋಗ್ತೀನಿ?”

ಹತ್ತೊಂಬತ್ತನೆಯ ದಿನ ನೀನು ಹೋದೆ. ಬೆಳಿಗ್ಗೆ ಎದೆನೋವು ಅಂದೆಯಂತೆ. ಆಸ್ಪತ್ರೆಯ ಗೇಟಿನವರೆಗೂ ಜೀವ ತಾಳಲಿಲ್ಲವಂತೆ. ಮೀನು ಬೆರಳಿಗೆ ಬಂದು ತಾಗುತ್ತದೆ, ಅದೊಂದು ಆಗಬೇಕು ನನಗೆ ಎಂದು ನೀನು ಎಷ್ಟು ಸಲ ಹೇಳಿದ್ದೆಯೋ. ಕಲ್ಲು ಕದ್ದದ್ದನ್ನು ಯಾವ ದೇವರಾದರೂ ಮನ್ನಿಸಿಯಾನು. ಸೋಪಿನ ಮಾತು ಎತ್ತಲು ನನಗೆ ಬಾಯಿ ಬರುವುದಿಲ್ಲ. ಕ್ರಿಸ್ತಿನಾ ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಹೊಸ ನೀರಿಗೆ ತಿಂಗಳು ತುಂಬಿದ ದಿನ ಆರು ಮೀನು ತಂದು ಬಿಟ್ಟೆ. ತಿಳಿಗುಲಾಬಿ ಮೈ, ಕಣ್ಣಿರಬೇಕಾದಲ್ಲಿ ನುಣ್ಣನೆ ಚರ್ಮ. ಅರ್ಧ ಗಂಟೆಯೊಳಗೆ ನಿನ್ನ ಸುರಂಗವನ್ನು ಬಾಯಿಪಾಠ ಮಾಡಿಕೊಂಡವು. ಒಂದೂ ಎಲ್ಲೂ ಡಿಕ್ಕಿ ಹೊಡೆಯಲಿಲ್ಲ. ಅಂದಿನಿಂದ ದಿನಾ ಸಂಜೆ ಬರುತ್ತೇನೆ. “ಅಣ್ಣ, ಬಾಗಿಲು ಹಾಕ್ಕೊಂಡು ಒಂದು ಗಂಟೆ ಏನ್ಮಾಡ್ತೀರಿ?” ಎಂದು ಕ್ರಿಸ್ತಿನಾ ಅವರು ಕೇಳಿದರು. “ಕಣ್ಣು ಮುಚ್ಕೊಂಡು, ನೀರೊಳಗೆ ಕೈಯಿಟ್ಟು ಕೂತಿರ್ತೀನಮ್ಮ. ಇನ್ನಾಸು ಹೇಗಿದ್ದ ಅಂತ ತಿಳ್ಕೊಳ್ಳಕ್ಕೆ” ಎಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಈ ಭಾನುವಾರ ಚರ್ಚಿನ ಬಾಗಿಲಲ್ಲಿ ಯಾರೋ ನನ್ನ ಕೈ ಹಿಡಿದು, “ಇಂಥ ಸ್ನೇಹಿತ ಯಾರಿಗೆ ಸಿಗ್ತಾರೆ ಸಾರ್” ಅಂದರು. ನಾನು ಬೇಡ ಅನ್ನಲಿಲ್ಲ. ತಲೆ ಬಾಗಿಸಿ ಸ್ವೀಕರಿಸಿದೆ.

ನಿನಗೆ ಮಾತ್ರ ನಿಜ ಹೇಳುತ್ತೇನೆ. ಕಣ್ಣು ಮುಚ್ಚುವುದೇನೋ ಹೌದು. ಎಣಿಸುತ್ತಾ ಕೂರುತ್ತೇನೆ. ಎಲ್ಲಿಂದಲೋ ಒಂದು ಮೀನು ಬಂದು ಬೆರಳನ್ನು ಮೆತ್ತಗೆ ಮುಟ್ಟುತ್ತದೆ, ಮುಟ್ಟಿದ್ದೇ ತಡ ಕೈ ಕಿತ್ತುಕೊಂಡು ಕಣ್ಣು ಬಿಡುತ್ತೇನೆ. ಒಂದು ದಿನವೂ ಒಂದು ನಿಮಿಷ ಆಗಿಲ್ಲ. ಉಳಿದ ಹೊತ್ತೆಲ್ಲ ಮೂಲೆಯ ಕುರ್ಚಿಯಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದು, ಮುಖ ಗಂಭೀರ ಮಾಡಿಕೊಂಡು ಹೊರಗೆ ಬರುತ್ತೇನೆ.

ನಿನ್ನ ದೇವರು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ ಕಣೋ.

ಇಂತಿ,
ನಲವತ್ತು ಎಣಿಸುವವರೆಗೆ ಮಾತ್ರ ನಿನ್ನ ಜೊತೆಗಿರುವ
ಪ್ರದ್ಯುಮ್ನ