ಆರು ವರ್ಷದವನ ಕಣ್ಣು

ಹುನಗುಂದ
೧೪-೧೧-೧೯೭೮

ಚಿರಂಜೀವಿ ತಮ್ಮ ಅಂದಪ್ಪನಿಗೆ ಅಕ್ಕ ಬಸಲಿಂಗವ್ವನ ಆಶೀರ್ವಾದ. ನಿನ್ನ ಕಾದಂಬರಿಯ ಕೈಬರಹದ ಕಟ್ಟು ಬಂದು ತಿಂಗಳಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ಶಾಲೆಯಲ್ಲಿ ಪರೀಕ್ಷೆ ಇತ್ತೆಂದು ಸುಳ್ಳು ಹೇಳಬಹುದಿತ್ತು. ಖರೆ ಅಂದರೆ, ಉಡಿಯಲ್ಲಿ ಕೆಂಡ ಕಟ್ಟಿಕೊಂಡು ಓಡಾಡುತ್ತಿದ್ದೇನೆ.

ಮೊದಲು ಸಿಟ್ಟೇ ಬಂತು. ಅವ್ವ ಸತ್ತ ಕಥೆಯನ್ನು ಆರು ವರ್ಷದ ಹುಡುಗನ ಬಾಯಲ್ಲಿ ಹೇಳಿಸಿದ್ದೀಯಲ್ಲ, ಅವನಿಗೇನು ತಿಳಿದೀತು? ದೊಡ್ಡವರಾದರೆ ಅಳುತ್ತಾರೆ, ದೇವರನ್ನು ಬೈಯುತ್ತಾರೆ. ಇವನು ಬರೀ ನೋಡುತ್ತಾನೆ. ವಿಭೂತಿ ಹಚ್ಚಿ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ ಅವ್ವ, ಕೂತಿದ್ದಾಳೆಂದರೆ ಸತ್ತಿಲ್ಲ ಎಂದು ಅವನ ಲೆಕ್ಕ. ಮಣ್ಣಿನೊಳಗೂ ಹಾಗೇ ಕೂರಿಸಿದರಲ್ಲ, ಹಸಿವಾದರೆ ಎದ್ದು ಬರುತ್ತಾಳೆಂದು ರೊಟ್ಟಿ ಮುಚ್ಚಿಡುತ್ತಾನೆ. ಅವನು ಅಳದಿದ್ದಕ್ಕೇ ನಾನು ಗೊಳೋ ಎಂದು ಅತ್ತೆ, ಅಂದಪ್ಪ.

ಅದರ ಮುಂದಿನ ಪುಟದಲ್ಲಿ ಅವನು ಹೇಳುತ್ತಾನೆ: ‘ಅಪ್ಪ ಅವ್ವನ ಸೆರಗನ್ನು ಎಳೆದೆಳೆದು ಕುತ್ತಿಗೆ ಮುಚ್ಚುತ್ತಿದ್ದ. ಅವ್ವನಿಗೆ ಚಳಿ ಇತ್ತು.’ ಹುಡುಗನಿಗೆ ಚಳಿ ಎನಿಸಿತು, ಸರಿ. ಮೂವತ್ತರ ನಿನಗೂ ಇನ್ನೂ ಚಳಿಯೇ? ಜ್ವರ ಬಂದು ಸತ್ತಳೆಂದು ಮನೆಯಲ್ಲಿ ಹೇಳಿದ್ದನ್ನೇ ನಂಬಿ ಬರೆದಿದ್ದೀಯ. ಓದುವವರು ನಂಬುವುದಿಲ್ಲ.

ಅಪ್ಪನಿಗೂ ಓದಿ ಹೇಳು ಎಂದು ಬರೆದಿದ್ದೆಯಲ್ಲ. ಅವನಿಗೀಗ ಕಣ್ಣು ಮಂಜು. ದಿನಾ ಮಧ್ಯಾಹ್ನ ಕೂತು ಕೇಳುತ್ತಿದ್ದ. ಹುಡುಗನ ಉಡಾಳತನಕ್ಕೆಲ್ಲ ನಕ್ಕ. ನಿನ್ನೆ ಅವ್ವ ಹಾಸಿಗೆ ಹಿಡಿಯುವಲ್ಲಿಗೆ ಬಂದಾಗ ಕೈಯೆತ್ತಿ ತಡೆದ.

“ಮುಂದ ಆ ಹುಡಗಗ ಏನೇನ ನೆನಪೈತಿ?”

“ನಾಳೆ ಓದ್ತೇನಿ, ಅಪ್ಪಾ.”

“ಬ್ಯಾಡ. ಇಂಥಾ ಕಟ್ಟ ಇನ್ನೊಂದು ಅಂದಪ್ಪನ ಕಡೆ ಐತೇನು?”

ಇಲ್ಲ ಅಂದುಬಿಟ್ಟೆ. ಇಂದು ಬೆಳಿಗ್ಗೆ ಒಲೆಯ ಮುಂದೆ ಬಂದು ಕೂತು, “ಆ ಕಟ್ಟ ಎಲ್ಲಿಟ್ಟಿಯವಾ?” ಎಂದು ಎರಡು ಸಲ ಕೇಳಿದ. ಎಂದೂ ಒಲೆಯ ಹತ್ತಿರ ಬಂದವನಲ್ಲ.

ಅದಕ್ಕೇ ಕಟ್ಟನ್ನು ಬಾದಾಮಿ ಬಸ್ಸಿನ ಕಂಡಕ್ಟರ್ ಜಲಾಲುದ್ದೀನರ ಕೈಯಲ್ಲಿ ಈ ಪತ್ರದೊಂದಿಗೆ ಕಳಿಸುತ್ತಿದ್ದೇನೆ. ಅಚ್ಚಿಗೆ ಕೊಡುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಬಸವಣ್ಣ ನಿನ್ನ ಮಕ್ಕಳನ್ನು ನಗುನಗುತ್ತ ಇಟ್ಟಿರಲಿ.

ನಿನ್ನ ಅಕ್ಕ
ಬಸಲಿಂಗವ್ವ

ತಾ.ಕ.: ‘ಅಕ್ಕ ನನ್ನನ್ನು ಬಾವಿಕಟ್ಟೆಗೆ ಕರೆದೊಯ್ದು ಹುಣಸೆಹಣ್ಣು ಕೊಟ್ಟಳು’ ಎಂದು ಹುಡುಗ ನನ್ನನ್ನು ಹೊಗಳಿದ್ದಾನೆ. ಅದನ್ನು ತೆಗೆದುಬಿಡು. ಅವ್ವ ಸತ್ತ ದಿನ ಅದು, ನನಗಾಗ ಹನ್ನೊಂದು. “ಹೊರಗಿನ ಚಿಲಕ ಹಾಕು, ತಮ್ಮನ್ನ ದೂರ ಒಯ್ಯಿ” ಎಂದು ಅಪ್ಪ ಅವ್ವನ ಕೋಣೆಯೊಳಗೆ ಹೋದ. ಹಾಕಿದೆ. ಅವ್ವ ಒಳಗಿನಿಂದ ನನ್ನ ಹೆಸರು ಹಿಡಿದು ಕೂಗಿದಳು. ನಿನಗೆ ಕೇಳಿಸಬಾರದೆಂದು ನಾನು ಗಟ್ಟಿಯಾಗಿ ಹಾಡು ಹೇಳುತ್ತ ನಡೆದೆ.