ಎದುರಂಗಡಿಯವರು ಕೇಳುವ ಪ್ರಶ್ನೆ

ಗದಗ, ೨೨೧೧ನೇ ಇಸವಿ, ಫೆಬ್ರವರಿ ೩೦

ಇಪ್ಪತ್ತೊಂದನೇ ಶತಮಾನದ ಹಿರಿಯರಿಗೆ ನಮಸ್ಕಾರ. ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ. ನನ್ನ ಕೆಲವು ಮಾತು ವಿಚಿತ್ರ ಎನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ರೆಕ್ಕೆ ವ್ಯಾಪಾರಿ. ನಿಮ್ಮ ಕಾಲದಲ್ಲಿ ಕರೆಂಟು ತೆಗೆಯುತ್ತಿದ್ದ ಗಾಳಿಯಂತ್ರಗಳ ಹಳೆಯ ರೆಕ್ಕೆಗಳನ್ನು ಕೊಯ್ದು ಮನೆಗಳಿಗೆ ಛಾವಣಿ ಮಾಡಿ ಮಾರುತ್ತೇನೆ. ಒಂದು ಮುರುಕು ರೆಕ್ಕೆಯಿಂದ ಶುರುಮಾಡಿದವಳು. ಈಗ ಅರ್ಧ ಪೇಟೆ ನನ್ನ ಛಾವಣಿಯ ಕೆಳಗೆ ಮಲಗುತ್ತದೆ. ಉಳಿದರ್ಧ ಗವಿಸಿದ್ಧನದು. ಅವನಿಗೆ ನಾನೇ ಎದುರಂಗಡಿ.

ಎದುರಂಗಡಿ ಎಂದರೆ ನಮ್ಮಲ್ಲಿ ಬರೀ ಪೈಪೋಟಿಯಲ್ಲ. ಅಂಗಡಿ ತೆರೆಯುವ ಪ್ರತಿಯೊಬ್ಬರ ಜೀವದ ಕಾವಲಿಗೆ ಪೇಟೆಯವರು ಒಬ್ಬ ಪ್ರತಿಸ್ಪರ್ಧಿಯನ್ನು ಗೊತ್ತುಮಾಡುತ್ತಾರೆ. ಮನೆಯವರು ಹೆದರಿ ಕೇಳುವುದಿಲ್ಲ, ಗೆಳೆಯರು ಮುಜುಗರದಿಂದ ಕೇಳುವುದಿಲ್ಲ; ನಿಮ್ಮ ಬಾಗಿಲು ತಡವಾಗಿ ತೆರೆದದ್ದನ್ನು ಪೈಪೋಟಿಯವರಷ್ಟು ಆಸೆಯಿಂದ ಇನ್ನಾರು ಗಮನಿಸುತ್ತಾರೆ? ನಿಮ್ಮ ಕಾಲದಲ್ಲಿ ಆತ್ಮಹತ್ಯೆಗೆ ಒಂದೇ ಕಾರಣ ಹುಡುಕುತ್ತಿದ್ದರಂತೆ: ಪರೀಕ್ಷೆ, ಪ್ರೇಮ, ಜಗಳ. ಒಂದೇ ಕಾರಣಕ್ಕೆ ಅಷ್ಟು ತೂಕ ಇರುವುದು ಅಪರೂಪ. ಬಿಡದ ಮೈನೋವು, ಕುಡಿತ, ಮನಸ್ಸಿನ ಕಾಯಿಲೆ, ಒಂಟಿತನ, ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳು, ಹಿಂದೊಮ್ಮೆ ಪ್ರಯತ್ನಿಸಿದ್ದು, ಇವೆಲ್ಲ ಒಂದರ ಮೇಲೊಂದು ಕೂರುತ್ತವೆ. ಯಾರ ಹೊರೆ ಹೆಚ್ಚಿದೆ ಎಂದು ಇವು ತೋರಿಸುತ್ತವೆಯೇ ಹೊರತು ಯಾರು ಕುಸಿಯುತ್ತಾರೆ ಎಂದಲ್ಲ. ಅದಕ್ಕೆ ಬಾಯಿಬಿಟ್ಟು ಕೇಳಲೇಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಸುಳ್ಳೆಂದು ನಿಮ್ಮ ವೈದ್ಯರೇ ಹೇಳಿದ್ದರು. ನಾವು ಅವರನ್ನು ನಂಬಿದೆವು, ಅಷ್ಟೇ.

ಹೋದ ವರ್ಷ ಗವಿಸಿದ್ಧ ಛಾವಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಆಸ್ಪತ್ರೆಯಿಂದ ಬಂದ ಮೇಲೆ ಕುಡಿತಕ್ಕೆ ಬಿದ್ದ, ಪೇಟೆಗೆ ಮುಖ ತೋರಿಸಲಿಲ್ಲ. ನಾನೇ ಹೋದೆ, ಅವನ ರೆಕ್ಕೆ ಕೊಯ್ಯುವ ಯಂತ್ರದ ಮೇಲೂ ಒಂದು ಕಣ್ಣಿಟ್ಟು. ಅದರ ಬೆಲೆ ಕೇಳಿದೆ.

"ಒಯ್ಯಿ ಅಕ್ಕಾ, ನೀ ಎಷ್ಟು ಕೊಟ್ರೂ ನಡೀತೈತಿ" ಎಂದ.

ಒಂದು ಮೊಳೆಯ ಬೆಲೆಗೆ ಅರ್ಧ ದಿನ ಜಗ್ಗಾಡುವ ಮನುಷ್ಯ! ಯಂತ್ರದ ಮಾತು ಅಲ್ಲಿಗೇ ಬಿಟ್ಟೆ.

"ಗವಿಸಿದ್ಧ, ಸಾಯಬೇಕು ಅನಸಾಕತ್ತೈತೇನು?"

"ಹೂಂ ಅಕ್ಕಾ. ಇಷ್ಟು ದಿನಾ ಯಾರೂ ಕೇಳಿರಲಿಲ್ಲ."

ಬುದ್ಧಿ ಹೇಳಲಿಲ್ಲ. ಮಕ್ಕಳ ಮುಖ ನೋಡು ಎನ್ನಲಿಲ್ಲ. ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. ಅಪಾಯವಾಗಬಹುದಾದ್ದನ್ನೆಲ್ಲ ಅವನ ಒಪ್ಪಿಗೆಯಿಂದಲೇ ನನ್ನ ಅಂಗಡಿಗೆ ಸಾಗಿಸಿ ಬೀಗ ಹಾಕಿಸಿದೆ. ವೈದ್ಯೆಗೆ ಹೇಳಿಕಳಿಸಿ, ಅವರು ಬರುವವರೆಗೆ ಕದಲಲಿಲ್ಲ. ನೋವಿಗೆ ಚಿಕಿತ್ಸೆ, ಮನಸ್ಸಿಗೆ ಚಿಕಿತ್ಸೆ, ಕುಡಿತ ಬಿಡಲು ಜೊತೆಗಾರರು. ಹೊರೆ ನಿಧಾನವಾಗಿ ಇಳಿಯಿತು.

ನಿನ್ನೆ ಅದೇ ಗವಿಸಿದ್ಧ ನಡುಪೇಟೆಯಲ್ಲಿ, "ಅಕ್ಕನ ಛಾವಣಿ ಸೋರತಾವ್ರಿ, ಈ ಕಡೆ ಬರ್ರಿ!" ಎಂದು ಕೂಗಿ ನನ್ನ ಗಿರಾಕಿಯನ್ನು ನನ್ನೆದುರೇ ಎಳೆದುಕೊಂಡು ಹೋದ. ಇಡೀ ಪೇಟೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನು.

ನಮ್ಮೂರಲ್ಲಿ ಯಾರನ್ನೂ ಕಳೆದುಕೊಳ್ಳುವುದಿಲ್ಲ ಎಂದರೆ ನಂಬಬೇಡಿ. ನಷ್ಟವೇ ಇಲ್ಲ ಎನ್ನುವ ವ್ಯಾಪಾರಿ ಸುಳ್ಳುಗಾರ. ಆದರೆ ನಿಮ್ಮ ಕಾಲ ಕಳೆದುಕೊಂಡವರಂಥ ಎಷ್ಟೋ ಜನರನ್ನು ನಾವು ಉಳಿಸಿಕೊಂಡಿದ್ದೇವೆ. ಇದನ್ನು ಎದೆ ಸೆಟೆಸಿ ಹೇಳುತ್ತೇನೆ.

ಒಂದು ಬೇಡಿಕೆ. ಇದನ್ನು ಓದುವಾಗ ಯಾರದಾದರೂ ಮುಖ ನೆನಪಾಗಿದ್ದರೆ ಇವತ್ತೇ ಹೋಗಿ ಕೇಳಿ. ಆ ಮುಖ ನಿಮ್ಮದೇ ಆಗಿದ್ದರೆ ಒಬ್ಬರಿಗೆ ಹೇಳಿ, ವೈದ್ಯರ ಹತ್ತಿರವೂ ಹೋಗಿ. ನಿಮ್ಮಲ್ಲಿ ಕೆಲವರನ್ನು ಯಾರೋ ಕೇಳಿದ್ದರು, ಅವರು ಉಳಿದರು. ಅವರ ಮರಿಮೊಮ್ಮಕ್ಕಳ ಮರಿಮೊಮ್ಮಕ್ಕಳು ಈಗ ಛಾವಣಿ ಬೇಕೆಂದು ನನ್ನ ಬಾಗಿಲಲ್ಲಿ ನಿಂತು ಗಲಾಟೆ ಮಾಡುತ್ತಿದ್ದಾರೆ. ಹೋಗಬೇಕು.

ನಿಮ್ಮ,
ಸಾವಂತ್ರೆವ್ವ